ಇಲ್ಲದ ಕಾರ್ಡಿಗೆ ಕಟ್ಟಿದ ದುಡ್ಡು

ಬರೀಬೇಕು ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕ್ತಾನೇ ಬಂದ ವಿಷಯ ಇದು. ಬ್ಲಾಗಿನಲ್ಲಿ ಟ್ಯಾಕ್ಸ್ ಬಗ್ಗೆ ಬರೆದರೆ ಯಾರು ಓದ್ತಾರೆ ಅನ್ನೋ ಅನುಮಾನ. ಮಳೆ, ಮಲೆನಾಡು, ಹಾಸ್ಟೆಲ್ ನೆನಪು, ಕೈಕೊಟ್ಟ ಹುಡುಗಿ... ಇವುಗಳ ಮಧ್ಯೆ ತೆರಿಗೆ ಎಲ್ಲಿ ತೂರಬೇಕು ಹೇಳಿ? ಆದರೆ ಮೊನ್ನೆ ಹಾಸನದ ಕಡೆಯ ಹುಡುಗನೊಬ್ಬ, ಮೆಲ್ಬರ್ನ್‌ಗೆ ಬಂದು ವರ್ಷ ಆಗಿದೆ, ತನ್ನ ಟ್ಯಾಕ್ಸ್ ನೋಟೀಸು ತೋರಿಸಿ "ಎಲ್ಲಾ ಸರಿ ಇದೆಯಾ ನೋಡಿ ಅಣ್ಣ" ಅಂದ. ನೋಡಿದೆ. ನಾನು ತಪ್ಪು ಮಾಡಿದ್ದ ಅದೇ ಸಾಲು, ಅದೇ ತಪ್ಪು. ಅವತ್ತೇ ರಾತ್ರಿ ಬರೆಯೋಕೆ ಕೂತೆ.

ಮೊದಲು ಊರಿನ ಕಥೆ ಹೇಳಿಬಿಡ್ತೀನಿ. ಅದಿಲ್ಲದೆ ಈ ಲೆಕ್ಕ ಅರ್ಥ ಆಗಲ್ಲ.

ನಮ್ಮೂರು ಬಿಂಡಿಗನವಿಲೆ. ನಾಗಮಂಗಲ ತಾಲ್ಲೂಕು. ಮಂಡ್ಯ ಜಿಲ್ಲೆ ಅಂದ ಕೂಡಲೇ ಎಲ್ಲರ ಕಣ್ಣಿಗೆ ನಾಲೆ, ಕಬ್ಬು, ಭತ್ತ ಬರುತ್ತೆ. ನಮ್ಮ ಮನೆ ಬೇಸಾಯ ಅಂಥದ್ದಲ್ಲ. ರಾಗಿ, ಹುರುಳಿ, ಒಂದಷ್ಟು ತೆಂಗು, ಆಕಾಶ ನೋಡಿಕೊಂಡು ಮಾಡೋ ಬೇಸಾಯ. ಕೈಗೆ ನಿಗದಿಯಾಗಿ ದುಡ್ಡು ಬರ್ತಾ ಇದ್ದದ್ದು ಡೈರಿಯಿಂದ ಮಾತ್ರ. ಬೆಳಿಗ್ಗೆ ಸಂಜೆ ಹಾಲು ಹಾಕೋದು, ಬಟವಾಡೆ ದಿನ ಕಾಯೋದು.

ಹಾಲಿನ ಸಂಘದ ಸದಸ್ಯರಾಗಿದ್ದರಿಂದ ಅಪ್ಪನಿಗೆ ಯಶಸ್ವಿನಿ ಕಾರ್ಡ್ ಸಿಕ್ಕಿತ್ತು. ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ನೆನಪಿರಬೇಕು. 2003ರಲ್ಲಿ ಶುರುವಾದ ಯೋಜನೆ. ಸಹಕಾರ ಸಂಘಗಳ ಸದಸ್ಯರಾದ ರೈತರಿಗೆ ಮೊದಲು ತಲೆಗೆ ವರ್ಷಕ್ಕೆ 60 ರೂಪಾಯಿ. ಅಂದರೆ ತಿಂಗಳಿಗೆ ಐದು ರೂಪಾಯಿ. ಕಾರ್ಡ್ ಹಿಡಿದುಕೊಂಡು ಯೋಜನೆಯಲ್ಲಿದ್ದ ಆಸ್ಪತ್ರೆಗೆ ಹೋದರೆ ಪಟ್ಟಿಯಲ್ಲಿರುವ ಆಪರೇಷನ್‌ಗೆ ಕೈಯಿಂದ ದುಡ್ಡು ಕೊಡಬೇಕಾಗಿರಲಿಲ್ಲ. ಆಮೇಲಾಮೇಲೆ ವಂತಿಗೆ ಜಾಸ್ತಿ ಆಯ್ತು. ಆದರೂ ಹೆಚ್ಚೇನಲ್ಲ. ಒಂದೇ ಷರತ್ತು, ಪ್ರತಿ ವರ್ಷ ಹೇಳಿದ ಗಡುವಿನ ಒಳಗೆ ದುಡ್ಡು ಕಟ್ಟಿ ನವೀಕರಿಸಬೇಕು.

ನಾನು ಎಸ್ಸೆಸ್ಸೆಲ್ಸಿ ಓದೋ ವರ್ಷ, 2012ರಲ್ಲಿ, ಅಪ್ಪ ಕಟ್ಟಲಿಲ್ಲ. ದುಡ್ಡಿರಲಿಲ್ಲ ಅಂತಲ್ಲ. ಕೆಲಸ ಜೋರಾಗಿತ್ತು, "ನಾಳೆ ಕಟ್ಟಿದ್ರಾಯ್ತು" ಅಂತ ಒಂದು ವಾರ ಹೋಯ್ತು, ಇನ್ನೊಂದು ವಾರ ಹೋಯ್ತು, ಗಡುವೂ ಹೋಯ್ತು. ಅದಾಗಿ ನಾಲ್ಕು ತಿಂಗಳಿಗೆ ಅವ್ವನಿಗೆ ಹೊಟ್ಟೆನೋವು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು ಅಂದರು. ಎಲ್ಲಾ ಸೇರಿ ನಲವತ್ತು ಸಾವಿರದ ಹತ್ತಿರ. ಎರಡು ಸೀಮೆ ಹಸುಗಳಲ್ಲಿ ಚೆನ್ನಾಗಿ ಹಾಲು ಕೊಡ್ತಾ ಇದ್ದದ್ದನ್ನೇ ಮಾರಬೇಕಾಯ್ತು. ಹಸು ಗಾಡಿ ಹತ್ತುವಾಗ ಅವ್ವ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ಮನೆಗೆ ಬಂದವಳು ಮೊದಲು ಹೋಗಿ ನಿಂತಿದ್ದು ಕೊಟ್ಟಿಗೆ ಬಾಗಿಲಲ್ಲಿ. ಏನೂ ಮಾತಾಡಲಿಲ್ಲ.

ಆಮೇಲೆ ನಮ್ಮನೇಲಿ ಆ ವಂತಿಗೆ ಒಂದು ವರ್ಷವೂ ತಪ್ಪಲಿಲ್ಲ. 2018ರಲ್ಲಿ ಯಶಸ್ವಿನಿಯನ್ನ ಆರೋಗ್ಯ ಕರ್ನಾಟಕದ ಜೊತೆ ಸೇರಿಸಿದರು. 2022ರಲ್ಲಿ ಯಶಸ್ವಿನಿ ಮತ್ತೆ ಬಂತು. ಬಂತು ಅಂತ ಗೊತ್ತಾದ ಕೂಡಲೇ ಅಪ್ಪ ಸಂಘದ ಬಾಗಿಲಲ್ಲಿ ಹಾಜರು.

ಈಗ ಮೆಲ್ಬರ್ನ್‌ಗೆ ಬನ್ನಿ.

ಬೆಂಗಳೂರಲ್ಲಿ ಮೂರು ವರ್ಷ ಕೋಡ್ ಬರೆದು, 2022ರ ಜೂನ್ ಕೊನೆಯ ವಾರ 482 ವೀಸಾದಲ್ಲಿ ಇಲ್ಲಿ ಬಂದಿಳಿದೆ. ಕಂಪನಿಯೊಂದು ಕರೆಸಿಕೊಂಡು ಕೆಲಸ ಕೊಡೋ ತಾತ್ಕಾಲಿಕ ವೀಸಾ ಇದು. ಜುಲೈ ಒಂದಕ್ಕೆ ಕೆಲಸ ಶುರು. ಆಸ್ಟ್ರೇಲಿಯಾದ ಆರ್ಥಿಕ ವರ್ಷ ಶುರುವಾಗೋದೂ ಅವತ್ತೇ. ಜುಲೈ 1ರಿಂದ ಜೂನ್ 30. ನಮ್ಮ ಏಪ್ರಿಲ್-ಮಾರ್ಚ್ ಲೆಕ್ಕ ಇಲ್ಲಿ ನಡೆಯಲ್ಲ.

ಇಲ್ಲಿನವರಿಗೆ ಮೆಡಿಕೇರ್ ಅಂತ ಸರ್ಕಾರಿ ಆರೋಗ್ಯ ವ್ಯವಸ್ಥೆ ಇದೆ. 1984ರಲ್ಲಿ ಶುರುವಾದದ್ದು. ಹಸಿರು ಬಣ್ಣದ ಒಂದು ಕಾರ್ಡ್. ಅದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಡಾಕ್ಟರ ಫೀಸಿನಲ್ಲಿ ಪೂರ್ತಿಯೋ ಒಂದು ಭಾಗವೋ ಸರ್ಕಾರದ್ದು. ಇದರ ಖರ್ಚಿಗೆ ಸಹಾಯ ಆಗಲಿ ಅಂತ ತೆರಿಗೆ ಕಟ್ಟುವವರ ಆದಾಯದಲ್ಲಿ ಶೇಕಡಾ 2 ಮೆಡಿಕೇರ್ ಲೆವಿ ಹಾಕ್ತಾರೆ. ಶುರುವಿನಲ್ಲಿ ಇದು ಶೇಕಡಾ 1 ಇತ್ತು, 2014ರ ಜುಲೈನಿಂದ 2 ಆಯ್ತು. ಪೂರ್ತಿ ಖರ್ಚು ಇದರಿಂದ ತೂಗಲ್ಲ, ಉಳಿದದ್ದು ಬೇರೆ ತೆರಿಗೆಯಿಂದ ಬರುತ್ತೆ.

ನನ್ನಂಥವರಿಗೆ ಈ ಕಾರ್ಡ್ ಇಲ್ಲ. ಬ್ರಿಟನ್, ನ್ಯೂಜಿಲೆಂಡ್, ಐರ್ಲೆಂಡ್, ಇಟಲಿ, ಸ್ವೀಡನ್ ಹೀಗೆ ಹನ್ನೊಂದು ದೇಶಗಳ ಜೊತೆ ಆಸ್ಟ್ರೇಲಿಯಾಕ್ಕೆ ಆರೋಗ್ಯದ ಕೊಡುಕೊಳ್ಳುವ ಒಪ್ಪಂದ ಇದೆ. ಆ ದೇಶದವರು ಬಂದರೆ ಅಗತ್ಯ ಚಿಕಿತ್ಸೆ ಮೆಡಿಕೇರ್‌ನಲ್ಲೇ ಸಿಗುತ್ತೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ನಾವು ಖಾಸಗಿ ವಿಮೆ ಮಾಡಿಸಿಕೊಂಡಿರಬೇಕು ಅನ್ನೋದು ವೀಸಾದ ಷರತ್ತೇ ಆಗಿರುತ್ತೆ. ನಾನೂ ಮಾಡಿಸಿದ್ದೆ. ತಿಂಗಳಾ ತಿಂಗಳಾ ನನ್ನ ಖಾತೆಯಿಂದ ಅದಕ್ಕೆ ದುಡ್ಡು ಹೋಗ್ತಾ ಇತ್ತು.

ಸರಿ, ಕಾರ್ಡ್ ಇಲ್ಲದವನು ಲೆವಿ ಕಟ್ಟಬೇಕಾ? ಕಟ್ಟಬೇಕಾಗಿಲ್ಲ! ಕಾನೂನೇ ವಿನಾಯಿತಿ ಕೊಟ್ಟಿದೆ. ಆದರೆ ಕೇಳಿದವರಿಗೆ ಮಾತ್ರ. ಕೇಳದೇ ಇದ್ದವನ ಹೆಸರಲ್ಲಿ ಕಂಪ್ಯೂಟರ್ ಸುಮ್ಮನೆ ಎರಡು ಪರ್ಸೆಂಟ್ ಲೆಕ್ಕ ಹಾಕಿಬಿಡುತ್ತೆ. ಸಂಬಳದಲ್ಲಿ ಮೊದಲೇ ಹಿಡಿದುಕೊಳ್ಳೋ ತೆರಿಗೆಯ ಒಳಗೇ ಅದು ಸೇರಿರುತ್ತೆ, ಹಾಗಾಗಿ ಹೋಗಿದ್ದೂ ಗೊತ್ತಾಗಲ್ಲ.

2023ರ ಜುಲೈನಲ್ಲಿ ನಾನು ಮೊದಲ ರಿಟರ್ನ್ ಸಲ್ಲಿಸಿದೆ. ಸೋಫಾ ಮೇಲೆ ಕೂತು, ಒಂದು ಕೈಯಲ್ಲಿ ಕಾಫಿ ಹಿಡಿದು, ಇಪ್ಪತ್ತು ನಿಮಿಷ. ಎಲ್ಲಾ ಅವರೇ ತುಂಬಿದ್ದರು. ಮೆಡಿಕೇರ್ ಲೆವಿ ಅನ್ನೋ ಕಡೆ ಏನೋ ಪ್ರಶ್ನೆ ಇತ್ತು, ಖಾಲಿ ಬಿಟ್ಟು ಮುಂದೆ ಹೋದೆ. ಮುನ್ನೂರು ಚಿಲ್ಲರೆ ಡಾಲರ್ ವಾಪಸ್ ಬಂತು. ಖುಷಿಯಾಗಿ ಗೆಳೆಯರಿಗೆ ದೋಸೆ ಕೊಡಿಸಿದೆ. ನೋಟೀಸಿನ ಎರಡನೇ ಪುಟದಲ್ಲಿ 1,760 ಡಾಲರ್ ಲೆವಿ ಅಂತ ಇದ್ದದ್ದನ್ನ ಓದಲೇ ಇಲ್ಲ. ದಿನವಿಡೀ ಬೇರೆಯವರ ಸರ್ವರ್‌ನ ಲಾಗ್ ಸಾಲುಸಾಲಾಗಿ ಓದೋ ಕೆಲಸ ನನ್ನದು. ನನ್ನದೇ ಎರಡು ಪುಟ ಓದೋಕೆ ಪುರುಸೊತ್ತಿರಲಿಲ್ಲ.

ಒಂದು ವರ್ಷ ಕಳೀತು. 2024ರ ಜುಲೈನಲ್ಲಿ ಪಕ್ಕದ ಮನೆಯಲ್ಲಿದ್ದ ಕೇರಳದ ಗೆಳೆಯ ಊಟಕ್ಕೆ ಕರೆದಿದ್ದ. ಅವನ ಹೆಂಡತಿ ನರ್ಸ್. ಮೀನು ಸಾರು ಬಡಿಸ್ತಾ ಆಕೆ ಕೇಳಿದರು, "ಮೆಡಿಕೇರ್ ಸ್ಟೇಟ್‌ಮೆಂಟ್‌ಗೆ ಅರ್ಜಿ ಹಾಕಿದ್ರಾ?" ನಾನು "ಯಾವ ಸ್ಟೇಟ್‌ಮೆಂಟ್?" ಅಂದೆ. ಇಬ್ಬರೂ ಊಟ ನಿಲ್ಲಿಸಿ ನನ್ನ ಮುಖ ನೋಡಿದರು.

ಅವತ್ತು ರಾತ್ರಿ ಮನೆಗೆ ಬಂದು ಹಳೇ ನೋಟೀಸು ತೆಗೆದೆ. 1,760. ಆಗಿನ ರೇಟಿನಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ. ಊರಿಗೆ ಫೋನ್ ಮಾಡಿದಾಗ ಬಾಯಿತಪ್ಪಿ ಅಪ್ಪನಿಗೆ ಹೇಳಿಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ಅಲ್ಲ ಕನ್ಲಾ, ಕಾರ್ಡೇ ಕೊಟ್ಟಿಲ್ಲ ಅಂತೀಯ. ಕೊಡ್ದಿರೋ ಕಾರ್ಡಿಗೆ ಅದ್ಯಾಕ್ಲಾ ದುಡ್ಡು ಕಟ್ದೆ?"

"ನೋಡ್ಲಿಲ್ಲ ಅಪ್ಪ."

"ಓದ್ದೋನು ನೀನು. ನಾನಾದ್ರೆ ಸರಿ."

ಅಷ್ಟೇ ಅಂದಿದ್ದು. ಆ "ನಾನಾದ್ರೆ ಸರಿ" ಅನ್ನೋದರಲ್ಲಿ 2012 ಇತ್ತು ಅಂತ ಇಬ್ಬರಿಗೂ ಗೊತ್ತು.

ಈಗ ಮಾಡಬೇಕಾದ್ದು ಏನು ಅಂತ ಹೇಳ್ತೀನಿ, ಇಲ್ಲಿಗೆ ಬರೋರು ಗುರುತು ಹಾಕಿಕೊಳ್ಳಿ. ನಿಮಗೆ ಮೆಡಿಕೇರ್ ಅರ್ಹತೆ ಇಲ್ಲ ಅಂತ ಹೇಳುವ ಒಂದು ಪತ್ರ ಬೇಕು. ಅದರ ಹೆಸರು ಮೆಡಿಕೇರ್ ಎಂಟೈಟಲ್‌ಮೆಂಟ್ ಸ್ಟೇಟ್‌ಮೆಂಟ್. ಕೊಡೋದು ಟ್ಯಾಕ್ಸ್ ಆಫೀಸ್ ಅಲ್ಲ, ಸರ್ವೀಸಸ್ ಆಸ್ಟ್ರೇಲಿಯಾ ಅನ್ನೋ ಇಲಾಖೆ. ಒಂದೊಂದು ಆರ್ಥಿಕ ವರ್ಷಕ್ಕೂ ಬೇರೆ ಬೇರೆ ಅರ್ಜಿ. ಪಾಸ್‌ಪೋರ್ಟು, ವೀಸಾದ ಪ್ರತಿಗಳು ರೆಡಿ ಇರಲಿ. ಪತ್ರ ಬರೋಕೆ ವಾರಗಳೇ ಹಿಡಿಯುತ್ತೆ. ಪತ್ರ ಕೈಗೆ ಬಂದ ಮೇಲೇ ರಿಟರ್ನ್‌ನಲ್ಲಿ ವಿನಾಯಿತಿ ಕೇಳಬೇಕು. ಬಂದೇ ಬರುತ್ತೆ ಅನ್ನೋ ಧೈರ್ಯದಲ್ಲಿ ಮೊದಲೇ ಹಾಕೋ ಹಾಗಿಲ್ಲ. ಸ್ವಂತವಾಗಿ ರಿಟರ್ನ್ ಹಾಕೋರಿಗೆ ಅಕ್ಟೋಬರ್ 31ರ ತನಕ ಟೈಮಿದೆ. ಹಾಗಾಗಿ ಜುಲೈನಲ್ಲೇ ಅರ್ಜಿ ಹಾಕಿದರೆ ನೆಮ್ಮದಿ.

ಪತ್ರದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಅರ್ಹತೆ ಇರಲಿಲ್ಲ ಅಂತ ಬರೆದಿರುತ್ತೆ. ರಿಟರ್ನ್‌ನಲ್ಲಿ ತುಂಬೋದು ಆ ದಿನಗಳ ಸಂಖ್ಯೆ. ಡಾಲರ್ ಲೆಕ್ಕ ಅವರೇ ಮಾಡ್ಕೋತಾರೆ. 2023-24ಕ್ಕೆ ನಾನು ತುಂಬಿದ್ದು 366. ಫೆಬ್ರವರಿ 29 ಬಂದಿತ್ತಲ್ಲ! ಪ್ರೋಗ್ರಾಮರ್ ಆಗಿ ಲೀಪ್ ಇಯರ್ ಬಗ್ಗೆ ಸಂತೋಷ ಪಟ್ಟದ್ದು ಅದೊಂದೇ ಸಲ :)

ಹೋದ ವರ್ಷದ್ದು ಕೈಬಿಟ್ಟು ಹೋಯ್ತಾ ಅಂದರೆ, ಅದೂ ಇಲ್ಲ. ನಮ್ಮಂಥ ಸಂಬಳದವರಿಗೆ ನೋಟೀಸು ಬಂದ ಮೇಲೆ ಸಾಮಾನ್ಯವಾಗಿ ಎರಡು ವರ್ಷದ ತನಕ ರಿಟರ್ನ್ ತಿದ್ದೋ ಅವಕಾಶ ಇದೆ. 2022-23ಕ್ಕೂ ಪತ್ರ ತರಿಸಿ ತಿದ್ದಿದೆ. ಕೆಲವು ವಾರಕ್ಕೆ 1,760 ಡಾಲರ್ ಖಾತೆಗೆ ಬಂತು. ಯಾರೂ ಯಾಕೆ ಅಂತ ಕೇಳಲಿಲ್ಲ, ಯಾರೂ ಬೈಯಲಿಲ್ಲ. ಒಂದು ವರ್ಷ ಆ ದುಡ್ಡು ಅಲ್ಲಿ ನಾನು ಕೇಳಲಿ ಅಂತ ಸುಮ್ಮನೆ ಕೂತಿತ್ತು, ಅಷ್ಟೆ.

ಇಲ್ಲಿಗೆ ಮುಗಿದಿದ್ದರೆ ಇದು ಬರೀ ದುಡ್ಡು ಉಳಿಸೋ ಟಿಪ್ಸ್ ಆಗ್ತಿತ್ತು. ಮುಗಿಯಲಿಲ್ಲ.

2025ರ ಫೆಬ್ರವರಿ 10ಕ್ಕೆ ಕಂಪನಿಯ ಮೂಲಕ ಪಿಆರ್‌ಗೆ ಅರ್ಜಿ ಹಾಕಿದೆ. ಇಲ್ಲಿ ಒಂದು ವಿಶೇಷ ಇದೆ. ಪಿಆರ್ ಸಿಗೋ ತನಕ ಕಾಯಬೇಕಾಗಿಲ್ಲ. ಕೆಲಸ ಮಾಡೋ ಹಕ್ಕಿರುವ ವೀಸಾದಲ್ಲಿದ್ದು ಪಿಆರ್‌ಗೆ ಅರ್ಜಿ ಹಾಕಿದರೆ ಆ ದಿನದಿಂದಲೇ ಮೆಡಿಕೇರ್‌ಗೆ ಅರ್ಹತೆ ಬರುತ್ತೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕೆಲಸದ ಒತ್ತಡ, ರಿಲೀಸ್, ಅದು ಇದು ಅಂತ ಹೆಸರು ನೋಂದಾಯಿಸಿದ್ದು ಮೇ 12ಕ್ಕೆ.

ಜುಲೈ ಬಂತು. ಲೆಕ್ಕಕ್ಕೆ ಕೂತೆ. ಆ ವರ್ಷದ ಆದಾಯ 96,000. ಪೂರ್ತಿ ಲೆವಿ 1,920. ವಿನಾಯಿತಿ ಎಷ್ಟು ದಿನಕ್ಕೆ? ಫೆಬ್ರವರಿ 9ರ ತನಕ ಲೆಕ್ಕ ಹಿಡಿದರೆ 224 ದಿನ. ಮೇ 11ರ ತನಕ ಹಿಡಿದರೆ 315 ದಿನ. ಮಧ್ಯದಲ್ಲಿ 91 ದಿನ, ಹತ್ತಿರ ಹತ್ತಿರ 480 ಡಾಲರ್.

ಭಾನುವಾರ ಕ್ರಿಕೆಟ್ ಆಡೋ ಕಡೆ ಈ ಮಾತು ಬಂತು. ಒಬ್ಬ ಹೇಳಿದ, "ಗುರು, ಮೇ ತನಕ ನಿನ್ನತ್ರ ಕಾರ್ಡ್ ಇರ್ಲಿಲ್ಲ ತಾನೇ? ಒಂದು ಸಲನಾದ್ರೂ ಉಪಯೋಗಿಸಿದ್ಯಾ? ಮತ್ತೆ ಯಾಕೆ ಕಟ್ತೀಯ? 315 ಅಂತ ಹಾಕು." ಇನ್ನೊಬ್ಬ ಇನ್ನೂ ಮುಂದೆ ಹೋಗಿ "365 ಹಾಕು, ಯಾರು ನೋಡ್ತಾರೆ" ಅಂದ.

ಎರಡನೆಯವನ ಮಾತು ಬಿಡಿ, ಅದು ಕಳ್ಳತನ. ಆದರೆ ಮೊದಲನೆಯವನ ಮಾತು ನನ್ನ ತಲೆಯಲ್ಲಿ ಎರಡು ದಿನ ಕೂತಿತ್ತು. ಯಾಕಂದರೆ ಅದು ನಮ್ಮಪ್ಪನ ಮಾತೇ! ಕೊಡದೇ ಇರೋ ಕಾರ್ಡಿಗೆ ಯಾಕೆ ದುಡ್ಡು ಕಟ್ಟಬೇಕು? ನಿಜಕ್ಕೂ ಆ 91 ದಿನ ನಾನು ಖಾಸಗಿ ವಿಮೆಯನ್ನೇ ಕಟ್ಟಿಕೊಂಡು ಬಂದಿದ್ದೆ. ಮೆಡಿಕೇರ್‌ನಿಂದ ಒಂದು ಡಾಲರ್ ಉಪಯೋಗ ಪಡೆದಿರಲಿಲ್ಲ.

ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನೂ ಹೇಳಿದೆ. ನನ್ನ ಪರವಾಗಿ ಮಾತಾಡ್ತಾರೆ ಅನ್ನೋ ಆಸೆ ಇತ್ತು ಅಂತ ಒಪ್ಪಿಕೊಳ್ತೀನಿ.

"ಫೆಬ್ರವರೀಲೇ ಕಾರ್ಡ್ ಮಾಡಿಸ್ಕೊಬೋದಿತ್ತಾ?" ಅಪ್ಪ ಕೇಳಿದರು.

"ಹೂಂ, ಮಾಡಿಸ್ಕೊಬೋದಿತ್ತು."

"ಅವತ್ತು ಹೋಗಿದ್ರೆ ಬ್ಯಾಡ ಅಂತಿದ್ರಾ?"

"ಇಲ್ಲ. ಕೊಡ್ತಿದ್ರು."

"ಮತ್ತೆ ಅವರದ್ದೇನ್ಲಾ ತಪ್ಪು? ನೀನು ಹೋಗ್ಲಿಲ್ಲ." ಸ್ವಲ್ಪ ತಡೆದು ಅಂದರು. "ನಿಮ್ಮವ್ವನ ಆಪರೇಷನ್ ಆದಾಗ ನಾನು ಸಂಘದೋರ ಮ್ಯಾಲೆ ಕೂಗಾಡಿದ್ದೆ. ಏನ್ ಕೂಗಾಡಿದ್ರೇನು. ಬಾಗ್ಲು ತಗದೇ ಇತ್ತು ಕನ್ಲಾ. ನಾನೇ ಹೋಗಿರ್ಲಿಲ್ಲ."

ಹದಿಮೂರು ವರ್ಷದಲ್ಲಿ ಅಪ್ಪ ಆ ವಿಷಯ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ತಕ್ಷಣ ಮಾತು ಬದಲಾಯಿಸಿ ತೆಂಗಿನಕಾಯಿ ರೇಟು ಕೇಳಿದೆ.

ಆಮೇಲೆ ಪತ್ರ ಬಂತು. ಅದರಲ್ಲೂ ಅದೇ ಇತ್ತು, ಫೆಬ್ರವರಿ 9ರ ತನಕ. ಕಾನೂನು ಕೇಳೋದು ಅರ್ಹತೆಯನ್ನ. ಜೇಬಿನಲ್ಲಿ ಕಾರ್ಡ್ ಇತ್ತಾ ಅನ್ನೋದು ಅದಕ್ಕೆ ಬೇಕಿಲ್ಲ. 224 ಅಂತ ತುಂಬಿದೆ. ಉಳಿದ 141 ದಿನಕ್ಕೆ ಸುಮಾರು 742 ಡಾಲರ್ ಲೆವಿ ಬಿತ್ತು. ಈ ಸಲ ನೋಟೀಸಿನ ಎರಡನೇ ಪುಟವನ್ನ ಎರಡು ಸಲ ಓದಿದೆ.

ಇದೇ ಥರ ಕಾಲಿಗೆ ಸಿಕ್ಕಿಹಾಕಿಕೊಳ್ಳೋ ಇನ್ನೆರಡು ವಿಷಯ ಇವೆ. ಒಂದು, ಮದುವೆಯಾದವರದ್ದು. ಗಂಡನಿಗೋ ಹೆಂಡತಿಗೋ ಮೆಡಿಕೇರ್ ಅರ್ಹತೆ ಇದ್ದರೆ ನಿಮ್ಮ ವಿನಾಯಿತಿ ಕೈತಪ್ಪಬಹುದು. ಅವರು ಸ್ವಂತವಾಗಿ ದುಡೀತಾ ಇದ್ದರೂ ಈ ಲೆಕ್ಕದಲ್ಲಿ ಅವಲಂಬಿತರೇ. ಎರಡು, ಮೆಡಿಕೇರ್ ಲೆವಿ ಸರ್ಚಾರ್ಜ್. ಹೆಸರು ಒಂದೇ ಥರ ಇದ್ದರೂ ಅದು ಬೇರೆ. ಆದಾಯ ಒಂದು ಮಟ್ಟ ದಾಟಿ, ಸರಿಯಾದ ಖಾಸಗಿ ಆಸ್ಪತ್ರೆ ವಿಮೆ ಇಲ್ಲದವರಿಗೆ ಶೇಕಡಾ 1ರಿಂದ 1.5ರವರೆಗೆ ಬೀಳುತ್ತೆ. ಒಂಟಿಯಾಗಿರುವವರಿಗೆ 2024-25ರಲ್ಲಿ ಆ ಮಟ್ಟ 97,000 ಡಾಲರ್ ಇತ್ತು. ನಾನು ಸಾವಿರ ಡಾಲರ್ ಅಂತರದಲ್ಲಿ ಬಚಾವ್. ವೀಸಾಗೆ ಅಂತ ಮಾಡಿಸಿದ ವಿಮೆ ಸಾಮಾನ್ಯವಾಗಿ ಇದಕ್ಕೆ ನಡೆಯಲ್ಲ. ಮೆಡಿಕೇರ್ ಅರ್ಹತೆ ಬಂದ ದಿನವೇ ಇದನ್ನೂ ಯೋಚಿಸಿ.

ಬೇರೆ ದೇಶದಲ್ಲಿರೋ ಬ್ಲಾಗ್ ಗೆಳೆಯರೂ ನಿಮ್ಮ ನಿಮ್ಮ ಕಾಗದ ಒಂದು ಸಲ ತೆಗೆದು ನೋಡಿ. ಅಮೆರಿಕದಲ್ಲಿ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ ಶೇಕಡಾ 6.2, ಅಲ್ಲಿನ ಮೆಡಿಕೇರ್‌ಗೆ ಶೇಕಡಾ 1.45 ಹಿಡೀತಾರೆ. ಎಚ್-1ಬಿ ಮೇಲಿರೋರು ಕಟ್ಟಲೇಬೇಕು. ಆದರೆ ಎಫ್-1 ವೀಸಾದಲ್ಲಿ ಓದಿ ಓಪಿಟಿ ಮೇಲೆ ಕೆಲಸ ಮಾಡೋರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಕಟ್ಟಬೇಕಾಗಿಲ್ಲ. ಅಂಥವರ ಸಂಬಳದಲ್ಲಿ ತಪ್ಪಾಗಿ ಹಿಡಿದಿದ್ದರೆ ಮೊದಲು ಕಂಪನಿಯನ್ನ ಕೇಳಿ, ಆಗದಿದ್ದರೆ ತೆರಿಗೆ ಇಲಾಖೆಗೆ ಅರ್ಜಿ ಹಾಕಿ. ಬ್ರಿಟನ್‌ನದ್ದು ತದ್ವಿರುದ್ಧ. ಅಲ್ಲಿ ವೀಸಾ ಅರ್ಜಿಯ ಜೊತೆಗೇ ಆರೋಗ್ಯದ ಸರ್ಚಾರ್ಜ್ ಕಟ್ಟಿಸಿಕೊಳ್ತಾರೆ. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದದ್ದು 2024ರ ಫೆಬ್ರವರಿಯಿಂದ 1,035 ಆಯ್ತು. ಆರೋಗ್ಯ ಕ್ಷೇತ್ರದ ವೀಸಾದಲ್ಲಿ ಹೋದವರಿಗೆ ಅದರಿಂದ ವಿನಾಯಿತಿ ಇದೆ. ಸಾಫ್ಟ್‌ವೇರಿನವರಿಗೆ ಇಲ್ಲ.

ಹಾಸನದ ಹುಡುಗನ ಜೊತೆ ಕೂತು ಅರ್ಜಿ ತುಂಬಿಸಿದೆ. ವೀಸಾ ಪತ್ರದ ಪ್ರತಿ ಹುಡುಕೋಕೆ ಅವನಿಗೆ ಅರ್ಧ ಗಂಟೆ ಬೇಕಾಯ್ತು. "ನೀವು ಹೇಳದೇ ಇದ್ದಿದ್ರೆ ಹೋಗೇ ಹೋಗ್ತಿತ್ತು ಅಣ್ಣ" ಅಂದ. ಮೀನು ಸಾರಿನ ಕಥೆ ಹೇಳಿದೆ. ನಕ್ಕ.

ಹೋದ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಪಕ್ಕದ ಬೀದಿಯ ಕ್ಲಿನಿಕ್‌ಗೆ ಹೋಗಿ ಮೊದಲ ಸಲ ಹಸಿರು ಕಾರ್ಡ್ ಕೊಟ್ಟೆ. ಡಾಕ್ಟರ್ ನೋಡಿದರು, ಮಾತ್ರೆ ಬರೆದರು. ಹೊರಗೆ ಬಂದು "ಎಷ್ಟು?" ಅಂತ ಕೇಳಿದೆ. ಕೌಂಟರ್‌ನಲ್ಲಿದ್ದಾಕೆ ಏನೂ ಇಲ್ಲ ಅಂತ ತಲೆ ಆಡಿಸಿದಳು.

ಮನೆಗೆ ಬಂದು ಊರಿಗೆ ಫೋನ್ ಮಾಡಿದೆ. ಎತ್ತಿದ್ದು ಅವ್ವ. ಜ್ವರದ ಸುದ್ದಿ ಹೇಳಲಿಲ್ಲ. ಈ ವರ್ಷದ ಯಶಸ್ವಿನಿ ಕಟ್ಟಿದ್ದೀರಾ ಅಂತ ಕೇಳಿದೆ. "ನಿಮ್ಮಪ್ಪ ಸುರುವಾದ ದಿನವೇ ಹೋಗ್ ಕಟ್ ಬಂದವ್ರೆ, ಚೀಟಿ ದೇವರ ಗೂಡಲ್ಲಿ ಮಡಗವ್ರೆ" ಅಂದಳು.